ಬಣ್ಣವಿಲ್ಲದ ನೀರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದಷ್ಟು ಅಗಲದ, ನುಣ್ಣಗೆ ಮಿರುಗುವ ಚರ್ಮ. ಆ ಬೆರಳಿನಿಂದ ಅವರು ಪಾನಿಪೂರಿಯ ಪೂರಿ ಒಡೆಯುವುದನ್ನು ನೋಡಬೇಕಿತ್ತು. ನಾವೆಲ್ಲ ಪೂರಿಯ ನೆತ್ತಿಗೆ ಉಗುರು ಊರಿ ಚುಚ್ಚುತ್ತೇವೆ; ಪೂರಿ ಸೀಳಿ, ನೀರು ಬಾಯಿಗಿಂತ ಮೊದಲು ಮೊಣಕೈಗೆ ಇಳಿಯುತ್ತದೆ. ಅವರು ಸುಮ್ಮನೆ ಒತ್ತುತ್ತಿದ್ದರು. ಗುಂಡಗಿನ ತೂತೊಂದು ಬೀಳುತ್ತಿತ್ತು, ಅಂಚಿನಲ್ಲಿ ಒಂದು ಬಿರುಕೂ ಇರುತ್ತಿರಲಿಲ್ಲ.

ಅವರನ್ನು ನಾನು ತಾತ ಎಂದು ಕರೆಯುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ ನಮ್ಮ ಬಾಡಿಗೆ ಮನೆಗೂ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿದ್ದ ಅವರ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ ಇತ್ತು, ಅಷ್ಟೇ ಸಂಬಂಧ. ನಾನು ದಾವಣಗೆರೆಯವಳು. ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ಬೇಕಾದಷ್ಟು ಜಂಬ ಇತ್ತು, ಮಂಡಕ್ಕಿ-ಮಿರ್ಚಿಯ ಊರಿನವಳಿಗೆ ಖಾರದ ಪಾಠ ಯಾರು ಹೇಳುತ್ತಾರೆ ಎಂದು. ಬಂದ ಮೊದಲ ವಾರ ಅವರು ಗೋಡೆಯಾಚೆಯಿಂದ ನಾಲ್ಕು ಪೂರಿಯನ್ನೂ ಒಂದು ಲೋಟ ನೀರನ್ನೂ ಕೊಟ್ಟರು. ಪೂರಿ ತಿಂದೆ. ಕೊನೆಗೆ, ಕುಡಿಯಲು ಕೊಟ್ಟ ನೀರೆಂದುಕೊಂಡು ಲೋಟ ಎತ್ತಿ ಗಟಗಟ ಕುಡಿದೆ.

ಅದು ಬಂಗಾರಪೇಟೆಯ ಪಾನಿ. ಬೇರೆ ಊರಿನ ಹಾಗೆ ಹಸಿರಲ್ಲ, ಕಂದಲ್ಲ. ನಲ್ಲಿ ನೀರಿನಷ್ಟೇ ತಿಳಿ, ತಳದಲ್ಲಿ ಲೋಟದ ಗೀರು ಕಾಣುವಷ್ಟು. ನನ್ನ ಕಣ್ಣು, ಮೂಗು, ಕಿವಿ ಎಲ್ಲದರಿಂದಲೂ ಹೊಗೆ ಬಂತು. ತಾತ ಗೋಡೆ ಹಿಡಿದುಕೊಂಡು ಕೆಮ್ಮು ಬರುವವರೆಗೂ ನಕ್ಕರು. "ದಾವಣಗೆರೆ ಜಂಬ ಓಯ್ತಾ ಪಾಪ?" ಎಂದು ಕೇಳಿದರು. ದೊಡ್ಡವಳಾದ ನನ್ನನ್ನು ಅವರು ಕೊನೆಯವರೆಗೂ ಪಾಪ ಎಂದೇ ಕರೆದದ್ದು.

ಚಿನ್ನದ ಗಣಿ ಮುಚ್ಚುವವರೆಗೂ ಅವರು ನಂದಿದುರ್ಗ ಗಣಿಯಲ್ಲಿ ನೆಲದಡಿಯ ಕೆಲಸಗಾರ. ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ಪಾನಿಪೂರಿ ಗಾಡಿ ಇಟ್ಟರು. ಗಣಿಯ ದೂಳು ಶ್ವಾಸಕೋಶದಲ್ಲಿ ಗೂಡು ಕಟ್ಟಿಕೊಂಡಿತ್ತು. ನಿಂತು ವ್ಯಾಪಾರ ಮಾಡಲಾಗದೆ ಗಾಡಿಯನ್ನು ಮಗನಿಗೆ ಬಿಟ್ಟರು. ಆದರೆ ನೀರನ್ನು ಬಿಡಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಮಗ ಸೊಸೆ ಪೂರಿ ಕರಿಯುತ್ತಿದ್ದರೆ, ಮುಂದಿನ ಜಗಲಿಯಲ್ಲಿ ತಾತ ಒಬ್ಬರೇ ನೀರು ಮಾಡುತ್ತಿದ್ದರು. ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದಿಂದ ಹಾರಿಬರುವ ಬಿಳಿ ದೂಳು ಬೀಳದಂತೆ ಸ್ಟೀಲ್ ಡ್ರಮ್ಮಿಗೆ ಎರಡು ಪದರ ತೆಳು ಮಲ್ಲು ಬಟ್ಟೆ ಕಟ್ಟುತ್ತಿದ್ದರು. ಮಧ್ಯಾಹ್ನದ ರೈಲಿನಲ್ಲಿ ಮಗ ಅದನ್ನು ಬಂಗಾರಪೇಟೆಗೆ ಒಯ್ಯುತ್ತಿದ್ದ. ರೈಲು ಕೂಗಿದಾಗ ತಾತ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ನಿಲ್ಲುತ್ತೀರಲ್ಲ ಎಂದು ನಾನು ಛೇಡಿಸುತ್ತಿದ್ದೆ.

ಯಾವ ಪೂರಿಯನ್ನೂ ಅವರು ತಟ್ಟಿ ನೋಡದೆ ಒಡೆಯುತ್ತಿರಲಿಲ್ಲ. ಎಡಗೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು, ನಡುಬೆರಳಿನ ಉಗುರಿನಿಂದ ಒಂದು ಏಟು. ಅದು ಗಣಿಯ ಅಭ್ಯಾಸ. ನೆಲದಡಿಯಲ್ಲಿ ಕೆಲಸ ಶುರು ಮಾಡುವ ಮೊದಲು ಒಬ್ಬ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತಾ ಹೋಗುತ್ತಾನಂತೆ. ಗಟ್ಟಿ ಸದ್ದು ಬಂದರೆ ಬಂಡೆ ಭದ್ರ, ಟೊಳ್ಳು ಸದ್ದು ಬಂದರೆ ಬಿರುಕು ಬಿಟ್ಟಿದೆ ಎಂದರ್ಥ. "ಬಂಡೆ ಟೊಳ್ಳಂದ್ರೆ ಓಡು, ಪೂರಿ ಟೊಳ್ಳಂದ್ರೆ ತಿನ್ನು" ಎನ್ನುತ್ತಿದ್ದರು. ನಮ್ಮ ಮನೆಯ ಹಪ್ಪಳವನ್ನೂ, ಒಮ್ಮೆ ನನ್ನ ಗಂಡ ತಂದ ಕಲ್ಲಂಗಡಿ ಹಣ್ಣನ್ನೂ ಹೀಗೇ ತಟ್ಟಿ ತೀರ್ಪು ಕೊಟ್ಟಿದ್ದುಂಟು.

ಹುಣಸೆ-ಬೆಲ್ಲದ ಸಿಹಿ ಚಟ್ನಿ, ಬಟಾಣಿ ಮಸಾಲೆ ಎಲ್ಲವನ್ನೂ ಗೋಡೆಯ ಮೇಲಿಂದಲೇ ಹೇಳಿಕೊಟ್ಟರು. ನೀರಿನ ಗುಟ್ಟು ಕೇಳಿದರೆ ಮಾತ್ರ ಕಿವಿ ಕೇಳಿಸದವರ ಹಾಗೆ ದಿಬ್ಬದ ಕಡೆ ನೋಡುತ್ತಿದ್ದರು. ನಾನೂ ಕಡಿಮೆಯವಳಲ್ಲ, ಮನೆಯಲ್ಲಿ ಎಷ್ಟು ಸಲ ಮಾಡಿ ನೋಡಿದೆನೋ. ಹಸಿಮೆಣಸಿನಕಾಯಿ ರುಬ್ಬಿ ನಾಲ್ಕು ಸಲ ಸೋಸಿದರೂ ನನ್ನ ನೀರು ಕೆರೆನೀರಿನ ಹಾಗೆ ಹಸಿರಾಗಿಯೇ ಉಳಿಯುತ್ತಿತ್ತು.

ಆಮೇಲೆ, ಜಗತ್ತಿಗೇ ಬೀಗ ಹಾಕಿಸಿದ ಆ ಜ್ವರ ನಮ್ಮೂರಿಗೂ ಬಂತು. ಲೈನಿನಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿತು. ಅಂಥ ಶ್ವಾಸಕೋಶ ಇಟ್ಟುಕೊಂಡೂ ತಾತ ಉಳಿದರು. ಗಾಡಿಗಳು ಮತ್ತೆ ರಸ್ತೆಗೆ ಬಂದಾಗ ಡ್ರಮ್ಮೂ ರೈಲು ಹತ್ತಿತು. ಎಲ್ಲ ಮೊದಲಿನಂತೆ ಆಯಿತು ಎಂದುಕೊಂಡೆವು.

ಒಂದು ಭಾನುವಾರ ಮಿರ್ಚಿ ಬಜ್ಜಿ ಮಾಡಿದೆ. ಬಿಸಿಬಿಸಿ ಎಂದು ಮೊದಲ ಒಬ್ಬೆಯ ನಾಲ್ಕನ್ನು ತಾತನಿಗೆ ಕೊಟ್ಟೆ. ಅವರು ಜಗಲಿಯ ಮೇಲೆ ಕೂತು ನಾಲ್ಕೂ ತಿಂದರು. "ಎಂಗೈತೆ ತಾತ?" ಎಂದು ಅವರದೇ ಧಾಟಿಯಲ್ಲಿ ಕೇಳಿದೆ. "ಚೆನ್ನಾಗೈತೆ ಪಾಪ, ಉಪ್ಪು ಖಾರ ಎಲ್ಲಾ ಒಂದೇ ಸಮ" ಎಂದರು. ಒಳಗೆ ಬಂದು ನಾನೊಂದು ಕಚ್ಚಿದೆ. ಹಿಟ್ಟಿಗೆ ಉಪ್ಪೇ ಹಾಕಿರಲಿಲ್ಲ. ಸಪ್ಪೆ ಎಂದರೆ ಸಪ್ಪೆ, ನನ್ನ ಗಂಡ ಬಾಯಿಗಿಟ್ಟವನೇ ಉಗಿದ. ಹೊರಗೆ ಓಡಿಬಂದು ಗೋಡೆಯಾಚೆ ನೋಡಿದೆ. ನನ್ನ ಮುಖ ನೋಡಿಯೇ ತಾತನಿಗೆ ಗೊತ್ತಾಗಿಹೋಯಿತು. ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಸದ್ದು ಚೆನ್ನಾಗಿತ್ತು ಪಾಪ" ಎಂದರು. "ಸದ್ದು ಒಂದೇ ನಂಗೀಗ ಗೊತ್ತಾಗೋದು."

ಜ್ವರ ಹೋಗುವಾಗ ನಾಲಿಗೆಯನ್ನೂ ಮೂಗನ್ನೂ ಕರೆದುಕೊಂಡು ಹೋಗಿತ್ತು. ಖಾರ ಬರೀ ಉರಿಯಾಗಿ ತಿಳಿಯುತ್ತಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಕಹಿಯಿಲ್ಲ. ಇಪ್ಪತ್ತು ವರ್ಷದ ಕೈಯಳತೆಯ ಮೇಲೆ ಕಣ್ಣುಮುಚ್ಚಿ ನೀರು ಮಾಡಿ ಕಳಿಸುತ್ತಿದ್ದರು. ಬಣ್ಣವಿರುವ ನೀರಾಗಿದ್ದರೆ ಕಣ್ಣಾದರೂ ಸ್ವಲ್ಪ ಹೇಳುತ್ತಿತ್ತು. ಇದಕ್ಕೆ ನಾಲಿಗೆಯೊಂದೇ ಸಾಕ್ಷಿ. ಮಗ ರುಚಿ ನೋಡುತ್ತಿರಲಿಲ್ಲ; ಅಪ್ಪ ಕಟ್ಟಿದ ಬಟ್ಟೆ ಬಿಚ್ಚಿ ನೋಡುವುದೆಂದರೆ ಅಪ್ಪನನ್ನು ಅನುಮಾನಿಸಿದ ಹಾಗೆ ಎಂದು ಆ ಮನೆಯ ನಡವಳಿಕೆ. ಅಂಗಡಿಯಲ್ಲಿ ಪ್ಯಾಕೆಟ್ ಪುಡಿ ಸಿಗುತ್ತದೆ, ನೀರಿಗೆ ಕಲಕಿದರೆ ಮುಗಿಯಿತು ಎಂದು ಅವನು ಆಗಾಗ ಹೇಳುತ್ತಿದ್ದುದು ನನಗೂ ಕೇಳಿಸಿತ್ತು. ನಾಲಿಗೆ ಹೋದದ್ದು ತಿಳಿದರೆ ಡ್ರಮ್ಮು ಅಲ್ಲಿಗೆ ನಿಲ್ಲುತ್ತದೆ. ಡ್ರಮ್ಮು ನಿಂತರೆ ತಾತನಿಗೆ ಬೆಳಿಗ್ಗೆ ಏಳುವುದಕ್ಕೆ ಕಾರಣವಿಲ್ಲ.

"ನೀನು ರುಚಿ ನೋಡ್ತೀಯಾ ಪಾಪ?" ಎಂದು ಕೇಳಿದರು. ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ನಾನು ಹೂಂ ಎಂದೆ, ಅದರಲ್ಲೇನು ಎಂಬಂತೆ.

ಅದರಲ್ಲೇನು ಎಂದುಕೊಳ್ಳಬಾರದೆಂದೋ ಏನೋ, ಅವರು ಅವತ್ತು ಹೆಬ್ಬೆರಳು ತೋರಿಸಿ ಕಥೆ ಹೇಳಿದರು. ಅವರ ಜೊತೆಗಾರನೊಬ್ಬ ಇದ್ದನಂತೆ, ಒಂದೇ ಲೈನಿನಲ್ಲಿ ಆಡಿ ಬೆಳೆದವನು. ಅವತ್ತು ಬಂಡೆ ತಟ್ಟುವ ಸರದಿ ಅವನದು. ತಟ್ಟಿ ಬಂದು "ಸರಿ" ಎಂದ. ಇಬ್ಬರೂ ಬಂಡೆಯ ಕೆಳಗೆ ಕೂತರು. ಬಂಡೆ ಜಾರಿತು. ಇವರ ಉಗುರು ಹೋಯಿತು, ಅವನು ಹೋದ.

"ಸರಿ ಅನ್ನೋದು ಸಣ್ಣ ಮಾತಲ್ಲ ಪಾಪ. ಅದನ್ನ ನಂಬ್ಕಂಡು ಇನ್ನೊಬ್ಬ ಕೆಳಗೆ ಕೂತ್ಕಂತಾನೆ."

ಅಂದಿನಿಂದ ಬೆಳಿಗ್ಗೆ ಆರೂವರೆಗೆ, ಕಾರ್ಖಾನೆಯ ಬಸ್ಸಿಗೆ ಮೊದಲು, ನಾನು ಗೋಡೆಯ ಬಳಿ ಕೈಯೊಡ್ಡಿ ನಿಲ್ಲುತ್ತಿದ್ದೆ. ತೀರ್ಥ ಕೊಡುವ ಹಾಗೆ ಅವರು ನನ್ನ ಅಂಗೈ ಗುಳಿಗೆ ಒಂದು ಚಮಚ ನೀರು ಹಾಕುತ್ತಿದ್ದರು. ಉಪ್ಪು ಮುಂದೆ ಬಂದಿದೆ, ನಿಂಬೆ ಹಿಂದೆ ಉಳಿದಿದೆ, ಶುಂಠಿ ಜೋರಾಗಿದೆ ಎಂದು ಹೇಳಲು ಕಲಿತೆ. ಅವರು ಸರಿಪಡಿಸಿ ಮತ್ತೆ ಹಾಕುತ್ತಿದ್ದರು. ಸರಿ ಎಂದಾಗ ಬಟ್ಟೆ ಕಟ್ಟುತ್ತಿದ್ದರು. ಹೀಗೆ ಹೆಚ್ಚುಕಡಿಮೆ ಒಂದು ವರ್ಷ. ಆ ವರ್ಷ ನಾನು ಬೆಳಗಿನ ಕಾಫಿಯನ್ನೂ ಬಿಟ್ಟಿದ್ದೆ, ನಾಲಿಗೆ ಚೊಕ್ಕಟವಾಗಿರಲಿ ಎಂದು. ಗಂಡ ನಗುತ್ತಿದ್ದ. ನನಗೆ ಹೆಮ್ಮೆಯೇ ಇತ್ತು, ಇಲ್ಲವೆನ್ನುವುದಿಲ್ಲ. ಗಾಡಿಯ ಮುಂದೆ ನಿಂತು ಹಾ ಹೂ ಎನ್ನುವ ಬಂಗಾರಪೇಟೆಯವರೆಲ್ಲ ನನ್ನ ನಾಲಿಗೆ ದಾಟಿದ ನೀರು ಕುಡಿಯುತ್ತಿದ್ದಾರೆ ಎಂದು.

ಆ ದಿನ ಚಳಿ. ತಾತನಿಗೆ ಉಸಿರು ಸಿಗುತ್ತಿರಲಿಲ್ಲ. ಮೊದಲ ಚಮಚ ನೋಡಿ ಹುಳಿ ಸಾಲದು ಎಂದೆ. ಅವರು ಕೂತು, ಎದ್ದು, ನಿಂಬೆಹಣ್ಣು ಹಿಂಡಿದರು. ಕೈಗೆ ಬಲವಿಲ್ಲದ್ದಕ್ಕೆ ಎರಡೂ ಅಂಗೈ ನಡುವೆ ಇಟ್ಟು ಸಿಪ್ಪೆಸಮೇತ ಅಮುಕಿ ಅಮುಕಿ ಹಿಂಡಿದರು. ಎರಡನೇ ಚಮಚ ನಾಲಿಗೆಗೆ ಬಿದ್ದಾಗಲೇ ಗೊತ್ತಾಯಿತು. ಸಿಪ್ಪೆಯ ಕಹಿ ಇಳಿದಿತ್ತು. ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು, ಕಹಿಗೆ ಮದ್ದಿಲ್ಲ. ಪೂರ್ತಿ ಚೆಲ್ಲಿ ಮೊದಲಿನಿಂದ ಮಾಡಬೇಕು. ತಾತ ಗೋಡೆಗೆ ಎದೆಯಾನಿಸಿ ನಿಂತಿದ್ದರು, ತುಟಿ ನೀಲಿಯಾಗಿತ್ತು. ಬೀದಿಯ ಕೊನೆಯಲ್ಲಿ ಬಸ್ಸಿನ ಹಾರನ್ನೂ ಕೇಳಿಸಿತು, ಅದನ್ನೂ ಮುಚ್ಚಿಡುವುದಿಲ್ಲ.

"ಎಂಗೈತೆ?" ಎಂದರು.

"ಸರಿ ಇದೆ ತಾತ" ಎಂದೆ.

ಅವರು ಬಟ್ಟೆ ಕಟ್ಟಿದರು. ನಾನು ಬಸ್ಸಿಗೆ ಓಡಿದೆ.

ಮರುದಿನ ಬೆಳಿಗ್ಗೆ ಗೋಡೆಯ ಬಳಿ ಹೋದಾಗ ತಾತನ ಎದುರು ಮಗ ನಿಂತಿದ್ದ. ಹಿಂದಿನ ಸಂಜೆ ಎಷ್ಟೋ ವರ್ಷದ ಗಿರಾಕಿಗಳು ಪೂರಿಯನ್ನು ಬಾಯಿಂದ ಉಗಿದು ಹೋಗಿದ್ದರು. ಒಬ್ಬರು "ನಿಮ್ಮಪ್ಪನ ಕೈ ಓಯ್ತು ಬಿಡಪ್ಪ" ಎಂದಿದ್ದರಂತೆ. ಮಗ ಉಳಿದ ನೀರನ್ನು ಲೋಟಕ್ಕೆ ಬಗ್ಗಿಸಿ ಅಪ್ಪನ ಕೈಗೆ ಕೊಟ್ಟ. "ಕುಡ್ದು ನೋಡಪ್ಪಾ. ಎಂಗೈತೆ ಅಂತ ನೀನೇ ಯೋಳು."

ತಾತ ಕುಡಿದರು. ಗೋಡೆಯಾಚೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು. ನಾನು ಸರಿ ಎಂದಿದ್ದೆನಲ್ಲ, ಅದನ್ನು ನಂಬಿ ಅವರು ಮಗನಿಗೆ ಹೇಳಿದರು: "ಯಾಕ್ಲಾ, ಸರಿಯಾಗೇ ಐತಲ್ಲ."

ಮಗ ಕೆಟ್ಟವನಲ್ಲ. ಅವನು ಕೂಗಾಡಲಿಲ್ಲ. ಲೋಟ ತೆಗೆದುಕೊಂಡು ತಾನೊಂದು ಗುಟುಕು ಕುಡಿದು, ಮುಖ ಕಿವುಚಿ, ಅಪ್ಪನನ್ನೇ ನೋಡುತ್ತಾ ನಿಂತ. "ಎಷ್ಟು ದಿವ್ಸದಿಂದ?" ಎಂದಷ್ಟೇ ಕೇಳಿದ. ತಾತ ಡ್ರಮ್ಮಿನ ಬಟ್ಟೆಯನ್ನು ಮಡಿಸಿಟ್ಟರು. ನನ್ನ ಹೆಸರನ್ನು ಎತ್ತಲಿಲ್ಲ. ನಾನು ಬಾಯಿ ಬಿಡಬೇಕಾಗಿದ್ದ ಹೊತ್ತು ಅದೇ, ಬಿಡಲಿಲ್ಲ. ಅಂದಿನಿಂದ ಡ್ರಮ್ಮು ರೈಲು ಹತ್ತಲಿಲ್ಲ. ಬಂಗಾರಪೇಟೆಯಲ್ಲೇ ಪ್ಯಾಕೆಟ್ ಪುಡಿ ಕಲಕುವುದಾಯಿತು. ಜನ ಅದನ್ನೂ ತಿಂದರು. ಮಧ್ಯಾಹ್ನದ ರೈಲು ಕೂಗಿದಾಗ ತಾತ ಎದ್ದು ನಿಲ್ಲುವುದನ್ನು ಬಿಟ್ಟರು ಎಂದು ಸೊಸೆ ಹೇಳಿದಳು.

ಮೂರು ದಿನ ಗೋಡೆಯ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ರಜೆ ಹಾಕಿ ಹೋದೆ. ಜಗಲಿಯಲ್ಲಿ ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ, ಕಹಿ ಗೊತ್ತಾಗಿತ್ತು ತಾತ, ನಿಮ್ಮ ಪಾಡು ನೋಡಲಾರದೆ ಸರಿ ಎಂದೆ ಎಂದು. ಬಸ್ಸಿನ ವಿಷಯವನ್ನೂ ಹೇಳಿದೆ. ಅವರು ಬೋಳು ಹೆಬ್ಬೆರಳನ್ನು ತೀಡಿಕೊಂಡರು.

"ನನ್ ಜೊತೆಗಾರನೂ ಕೆಟ್ಟೋನಲ್ಲ ಪಾಪ. ಆವತ್ತು ನಂಗೆ ಜ್ವರ, ನಿಂತ್ಕಳಕ್ಕೇ ಆಗ್ತಿರ್ಲಿಲ್ಲ. ಪೂರ್ತಿ ತಟ್ಟೋವರ್ಗೂ ಇವನು ನಿಂತೇ ಇರ್ಬೇಕಲ್ಲ ಅಂತ, ಅರ್ಧಕ್ಕೇ ಬಿಟ್ಟು, ಸರಿ ಕೂತ್ಕಳ್ಲಾ ಅಂದ. ಅಯ್ಯೋ ಪಾಪ ಅಂದ್ರೆ ಬಂಡೆ ನಿಲ್ತದಾ?"

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಮಾರನೇ ಭಾನುವಾರ, ಸೊಸೆಯ ಕೈ ಹಿಡಿದುಕೊಂಡು ಗೋಡೆ ಸುತ್ತಿ ನಮ್ಮ ಮನೆಗೆ ಬಂದರು. ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಇಷ್ಟು ವರ್ಷ ಹೇಳದಿದ್ದದ್ದನ್ನು ಹೇಳತೊಡಗಿದರು. ರುಬ್ಬಬೇಡ. ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಬರೀ ಜಜ್ಜು. ಜೀರಿಗೆ, ಮೆಣಸು ಅರ್ಧ ಒಡಿ, ಪುಡಿ ಮಾಡಬೇಡ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಯಿಸಿ ಆರಿಸಿದ ನೀರಿನಲ್ಲಿ ಸಂಜೆಯೇ ಇಳಿಬಿಡು. ಬೆಳಿಗ್ಗೆ ಗಂಟು ಎತ್ತು, ಹಿಂಡಬೇಡ. "ಇಂಡಿದ್ರೆ ಬಣ್ಣ ಬತ್ತದೆ. ಅದಾಗೇ ಬಿಟ್ಟಷ್ಟು ತಕೋ." ನಿಂಬೆರಸ, ಉಪ್ಪು ಕೊನೆಗೆ. ನನ್ನ ಒಲೆಯ ಪಕ್ಕದಲ್ಲಿ ಆ ನೀರು ಮೊದಲ ಬಾರಿಗೆ ತಿಳಿಯಾಗಿ ನಿಂತಾಗ ಕುಣಿಯಬೇಕಿತ್ತು ನಾನು.

ಆದರೆ ಒಂದು ಮಾತು ಅವರು ಕೇಳಲಿಲ್ಲ. ಅದಾದ ಮೇಲೆ ಎಷ್ಟೋ ಭಾನುವಾರ ಬಂದರು, ನಾನು ನೀರು ಮಾಡಿದೆ, ಅವರೆದುರೇ ಅಂಗೈಗೆ ಹಾಕಿಕೊಂಡು ರುಚಿ ನೋಡಿದೆ. "ಎಂಗೈತೆ?" ಎಂದು ಒಂದು ಸಲವೂ ಕೇಳಲಿಲ್ಲ. ಕೇಳಲಿ ಎಂದು ಕಾಯುತ್ತಿದ್ದೆ. ಕೇಳದೆಯೇ ಹೇಳಲು ನನಗೆ ಮುಖವಿರಲಿಲ್ಲ. ಅವರು ಪೂರಿಯೊಂದನ್ನು ಕಿವಿಗೆ ಹಿಡಿದು ತಟ್ಟಿ, ಒಣ ಪೂರಿಯನ್ನೇ ಕಟುಂ ಎಂದು ಕಚ್ಚಿ, ಎದ್ದು ಹೋಗುತ್ತಿದ್ದರು. ಕಲಿಸುವುದನ್ನು ಕಲಿಸಿದರು, ನಂಬುವುದನ್ನು ನಿಲ್ಲಿಸಿದರು.

ಹೋದ ವರ್ಷ ಮಾಘದ ಚಳಿಯಲ್ಲಿ ಅವರು ತೀರಿಕೊಂಡರು. ಕೊನೆಯ ವಾರ ಆಮ್ಲಜನಕದ ಕೊಳವೆ ಮೂಗಿನಲ್ಲಿತ್ತು, ಮಾತಿರಲಿಲ್ಲ. ನಾನು ಹೋಗಿ ಕೂತರೆ ಮಂಚದ ಕಂಬಿಯನ್ನು ನಡುಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು. ಬಂದೆಯಾ ಎಂದೋ, ಸಾಕು ಹೋಗು ಎಂದೋ, ನನಗೆ ಇಂದಿಗೂ ತಿಳಿಯದು.

ಹದಿನಾರನೇ ದಿನದ ಎಡೆಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡುವ ಶಾಸ್ತ್ರ. ಮಗ ಗೋಡೆಯ ಬಳಿ ಬಂದು ನಿಂತ. "ಅಕ್ಕಾ, ಪುಡಿ ನೀರು ಅಪ್ಪನ ಮುಂದೆ ಇಡೋಕೆ ಮನಸ್ಸು ಬರ್ತಿಲ್ಲ. ನಿಮ್ಗೆ ಬತ್ತದಂತಲ್ಲ, ಮಾಡ್ಕೊಡ್ತೀರಾ?" ಎಂದ. ಸಂಜೆಯೇ ಗಂಟು ಇಳಿಬಿಟ್ಟೆ. ಬೆಳಿಗ್ಗೆ ಅವರ ಮನೆಯಲ್ಲೇ ಕೂತು ನಿಂಬೆರಸ, ಉಪ್ಪು ಹಾಕಿ ಹಿತ್ತಾಳೆ ಚೊಂಬಿಗೆ ತುಂಬಿದೆ. ಫೋಟೋದ ಮುಂದೆ ಎಲೆ ಹಾಸಿತ್ತು. ಪೂರಿ, ಬಟಾಣಿ ಮಸಾಲೆ, ಸಿಹಿ ಚಟ್ನಿ ಎಲ್ಲ ಬಂದಾಗಿತ್ತು. ಮಗ ಚೊಂಬಿಗೆ ಕೈ ಚಾಚಿದ.

"ಇರಪ್ಪ" ಎಂದೆ. ಚೊಂಬು ಬಗ್ಗಿಸಿ ಅಂಗೈ ಗುಳಿಗೆ ಒಂದಿಷ್ಟು ಹಾಕಿಕೊಂಡೆ.

ಕುಪ್ಪಂನಿಂದ ಬಂದಿದ್ದ ತಾತನ ತಂಗಿ ಕೂಗಿಕೊಂಡರು. "ಅಯ್ಯಯ್ಯೋ, ಏನಮ್ಮಾ ಮಾಡ್ತಿದ್ದೀಯಾ? ಎಡೆಗಿಡೋದನ್ನ ಯಾರಾದ್ರೂ ಬಾಯಿಗಾಕ್ತಾರಾ? ಸತ್ತೋರ್ಗಿಂತ ಮುಂಚೆ ತಿನ್ನೋದಾ?"

ಅವರು ಹೇಳಿದ್ದು ಸರಿಯೇ. ನಮ್ಮ ಕಡೆಯೂ ಎಡೆಯ ಅಡುಗೆಯ ಉಪ್ಪು ನೋಡುವುದಿಲ್ಲ, ಒಗ್ಗರಣೆಯ ವಾಸನೆಯನ್ನೂ ಹೀರುವುದಿಲ್ಲ. ಮನೆ ತುಂಬ ನೆಂಟರು ನನ್ನನ್ನೇ ನೋಡುತ್ತಿದ್ದರು. ಅಂಗೈಯ ನೀರು ಬೆರಳ ಸಂದಿಯಿಂದ ಸೋರುತ್ತಿತ್ತು. ನಾನು ಮಗನ ಕಡೆ ತಿರುಗಿದೆ.

"ನಿಮ್ಮಪ್ಪನಿಗೆ ಒಂದು ವರ್ಷ ನಾಲಿಗೆಯಾಗಿದ್ದವಳು ನಾನು. ಆ ದಿನದ ನೀರು ಕಹಿಯಾಗಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸರಿ ಅಂದೆ. ಅವರು ಅದನ್ನು ನಂಬಿ ನಿನಗೆ ಕೊಟ್ಟರು. ಇವತ್ತು ನೋಡದೆ ಇಡುವುದಿಲ್ಲಪ್ಪ."

ಅವನ ಮುಖ ನೋಡುವ ಧೈರ್ಯ ಸಾಲದೆ ನಾನು ಅಂಗೈ ಬಾಯಿಗೆ ತಂದೆ. ಖಾರ ಸರಿಯಾಗಿತ್ತು. ಹುಳಿ ಸರಿಯಾಗಿತ್ತು. ಶುಂಠಿ ಇರುವಲ್ಲಿ ಇತ್ತು.

"ಉಪ್ಪು ಕಡಿಮೆ ಇದೆ" ಎಂದು ಗಟ್ಟಿಯಾಗಿ ಹೇಳಿದೆ, ಫೋಟೋದ ಕಡೆ ನೋಡಿ. ಯಾರೂ ನನ್ನನ್ನು ಕೇಳಿರಲಿಲ್ಲ.

ತಂಗಿ ತಲೆ ಚಚ್ಚಿಕೊಂಡು ಹೊರಗೆ ಹೋದರು. ಮಗ ಅಡುಗೆಮನೆಗೆ ಹೋದವನು ಸ್ವಲ್ಪ ಹೊತ್ತು ಬರಲೇ ಇಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು, ಕೈಯಲ್ಲಿ ಉಪ್ಪಿನ ಡಬ್ಬಿ ಇತ್ತು. ನಾನು ಒಂದು ಚಿಟಿಕೆ ಹಾಕಿ, ಕಲಕಿ, ಮತ್ತೆ ಅಂಗೈಗೆ ಹಾಕಿಕೊಂಡು ನೋಡಿದೆ. ಅವನು ಕಾಯುತ್ತಾ ನಿಂತ.

"ಎಂಗೈತೆ ಅಕ್ಕಾ?" ಎಂದ.

ಇನ್ನೊಮ್ಮೆ ನೋಡಿ ಆಮೇಲೆ ಹೇಳಿದೆ, ಸರಿ ಎಂದು. ಅವನು ಚೊಂಬನ್ನೆತ್ತಿ ಅಪ್ಪನ ಮುಂದೆ ಇಟ್ಟ.